ಕೆಮ್ಮು ನುಂಗಿದ ಕೇರಿ

ಹುಳಿಗೆರೆ ತಗ್ಗು
ಇಸವಿ ೨೩೧೭, ಹದಿಮೂರನೆಯ ತಿಂಗಳು

ನಮಗಿಂತ ಮುಂಚೆ ಬದುಕಿದವರಿಗೆ,

ಹದಿಮೂರನೆಯ ತಿಂಗಳು ಎಂದರೆ ನಿಮಗೆ ನಗು ಬರಬಹುದು. ನಿಮ್ಮ ಕಾಲದಲ್ಲಿ ಹನ್ನೆರಡೇ ಇದ್ದವಂತೆ. ಬೇಸಿಗೆಗೂ ಮಳೆಗೂ ನಡುವೆ ಒಂದು ಎಲೆಯೂ ಅಲುಗದ ಕಾಲವೊಂದು ನಮ್ಮಲ್ಲಿ ಬರುತ್ತದೆ. ಹಳೆಯ ಹೆಸರು ಯಾವುದೂ ಅದಕ್ಕೆ ಹೊಂದಲಿಲ್ಲ, ಹಾಗಾಗಿ ಗಾಳಿ ಸತ್ತ ತಿಂಗಳು ಎಂದು ಕರೆದು ಲೆಕ್ಕಕ್ಕೆ ಸೇರಿಸಿಕೊಂಡಿದ್ದೇವೆ. ಆ ತಿಂಗಳಲ್ಲಿ ಕುಳಿತು ಬರೆಯುತ್ತಿದ್ದೇನೆ. ನನ್ನ ಮಾತು ನಿಮಗೆ ಒರಟಾಗಿ ಕೇಳಬಹುದು, ಅಲ್ಲಲ್ಲಿ ಅರ್ಥವಾಗದೆಯೂ ಹೋಗಬಹುದು. ಅದಕ್ಕೆ ಕ್ಷಮೆ ಕೇಳುವುದು ಕಾಗದ ಬರೆಯುವವರ ಪದ್ಧತಿ, ಕೇಳಿದ್ದೇನೆ. ಮನಸ್ಸಿನಿಂದ ಕೇಳಿಲ್ಲ. ನಮ್ಮ ಬಾಯಲ್ಲಿ ನಿಮಗೆ ಗೊತ್ತಿಲ್ಲದ ಪದಗಳು ಹುಟ್ಟಿವೆ ಎಂದರೆ ಅವುಗಳ ಬೀಜ ನಿಮ್ಮ ಅಂಗಳದಿಂದಲೇ ಹರಿದು ಬಂದದ್ದು. ಈ ಕಾಗದ ಹಿಂದಕ್ಕೆ ಹೇಗೆ ಬರುತ್ತದೋ ನನಗೆ ಗೊತ್ತಿಲ್ಲ. ನಿಮ್ಮ ಕೊಳಚೆ ನಮ್ಮವರೆಗೆ ಬಂದಿದೆ. ನಮ್ಮ ಮಾತು ನಿಮ್ಮವರೆಗೆ ಬರಬಾರದು ಎಂದು ಯಾವ ಕಾನೂನಿದೆ?

ನಾನು ದೇವೀರಮ್ಮ. ಹುಳಿಗೆರೆಯಲ್ಲಿ ಜೊಂಡು ಕೊಯ್ಯುವವಳು, ಉಸಿರು ಸಂಘದವಳು. ಅಕ್ಷರ ಕಲಿಸಿದ್ದೂ ಸಂಘವೇ, ಸಿಟ್ಟನ್ನು ಎಲ್ಲಿ ಇಡಬೇಕೆಂದು ಕಲಿಸಿದ್ದೂ ಸಂಘವೇ. ನನ್ನ ಮಗಳು ಚಿಕ್ಕತಾಯಿ. ಅವಳ ಮಗಳು ಸಾಕಿ. ಈ ಕಾಗದ ಸಾಕಿಯ ಸಲುವಾಗಿ. ಆ ಮಗುವಿನ ಎದೆಗೆ ನಮ್ಮ ತಗ್ಗಿನ ಗಾಳಿ ಒಗ್ಗಲಿಲ್ಲ. ಅವಳನ್ನು ದಿಬ್ಬದ ಗಾಳಿಗೆ ಸೇರಿಸಬೇಕಿತ್ತು. ದಿಬ್ಬಕ್ಕೆ ಹೋಗುವ ಬಾಗಿಲು ಒಂದೇ. ಅದು ತೆರೆಯಬೇಕಾದರೆ ಸಾಕಿ ಒಂದು ಬೆಳಿಗ್ಗೆ ದಿಬ್ಬದವರ ಮುಂದೆ ನಿಂತು ಕೆಮ್ಮಿದ್ದರೆ ಸಾಕಾಗಿತ್ತು. ನಡೆದ ಸಂಗತಿ ಇಷ್ಟೇ. ಆದರೆ ಇಷ್ಟು ನಿಮಗೆ ಅರ್ಥವಾಗಬೇಕಾದರೆ ನಾವು ಎಲ್ಲಿದ್ದೇವೆ, ಏನು ತಿನ್ನುತ್ತೇವೆ, ಏನನ್ನು ಉಸಿರಾಡುತ್ತೇವೆ ಎಂದು ಮೊದಲು ಹೇಳಬೇಕು.

ಹುಳಿಗೆರೆಗೆ ನಿಮ್ಮ ಕಾಲದಲ್ಲಿ ಬೇರೆ ಯಾವುದೋ ಹೆಸರಿತ್ತಂತೆ. ನಾವೀಗ ದಿಬ್ಬ ಎನ್ನುವ ಮೇಲಿನ ನಗರದ ಬಚ್ಚಲ ನೀರು, ಬಟ್ಟೆಗೆ ಬಣ್ಣ ಹಾಕಿದ ನೀರು, ಲೋಹ ತೊಳೆದ ನೀರು, ಎಲ್ಲವೂ ಇಳಿಜಾರು ಹುಡುಕಿಕೊಂಡು ಬಂದು ಇಲ್ಲಿ ನಿಂತವು. ಮೊದಲು ನೀರು ಹುಳಿಯಾಯಿತು, ಆಮೇಲೆ ಹೆಸರು. ನೀರಿನ ಮೇಲಿಂದ ಏಳುವ ಆವಿಗೆ ನಾವು ಮಬ್ಬು ಎನ್ನುತ್ತೇವೆ. ಮಬ್ಬು ಗಾಳಿಗಿಂತ ಭಾರ. ಮೇಲೇರದೆ ನೆಲ ಹಿಡಿದು ಮಲಗುತ್ತದೆ. ಅದಕ್ಕೇ ನಮ್ಮ ಮನೆಗಳಲ್ಲಿ ಮಕ್ಕಳು ಅಟ್ಟದ ಮೇಲೆ ಮಲಗುತ್ತಾರೆ, ದುಡಿಯುವವರು ಮಂಚದ ಮೇಲೆ, ಮುದುಕರು ನೆಲದ ಮೇಲೆ. ಯಾರ ಮನೆಯಲ್ಲಿ ಯಾರು ಎಷ್ಟು ಎತ್ತರದಲ್ಲಿ ಮಲಗುತ್ತಾರೆ ಎಂದು ನೋಡಿದರೆ ಆ ಮನೆಯವರು ಯಾರ ಮೇಲೆ ಆಸೆ ಇಟ್ಟುಕೊಂಡಿದ್ದಾರೆ ಎಂದು ತಿಳಿಯುತ್ತದೆ.

ಇಂಥ ನೀರಲ್ಲೂ ಜೀವ ಇದೆ. ಕೆಸರಿನಲ್ಲಿ ಕೆಂಪು ಹುಳ ಇದೆ. ಉಸಿರೇ ಇಲ್ಲದಂಥ ಕೆಸರಿನಲ್ಲಿ ಸಿಕ್ಕಿದ ಚೂರುಪಾರು ಉಸಿರನ್ನು ಹಿಡಿದಿಟ್ಟುಕೊಳ್ಳಲು ಅದರ ಮೈತುಂಬ ನಮ್ಮ ರಕ್ತದಂಥದೇ ಕೆಂಪು. ಮುರುಗೋಡು ಮೀನು ಇದೆ. ನೀರಿನಲ್ಲಿ ಉಸಿರು ಸಾಲದಾದಾಗ ಮೇಲೆ ಬಂದು ಬಾಯಿ ತೆರೆದು ಒಂದು ಗುಟುಕು ಗಾಳಿ ನುಂಗಿ ಮತ್ತೆ ಮುಳುಗುತ್ತದೆ. ಮಳೆ ಬಿದ್ದರೆ ರೆಕ್ಕೆಯ ಮುಳ್ಳು ಊರಿಕೊಂಡು ದಡ ಹತ್ತಿ ತೆವಳುತ್ತಾ ಇನ್ನೊಂದು ಹೊಂಡಕ್ಕೆ ಹೋಗುತ್ತದೆ. ಆಳೆತ್ತರದ ಜೊಂಡು ಇದೆ. ಅದರ ಒಳಗೆಲ್ಲ ಪೊಳ್ಳು. ಎಲೆ ಕುಡಿದ ಗಾಳಿಯನ್ನು ಆ ಪೊಳ್ಳಿನೊಳಗೆ ಇಳಿಸಿ, ಕೆಸರಲ್ಲಿ ಉಸಿರು ಕಟ್ಟಿದ ಬೇರಿಗೆ ಮುಟ್ಟಿಸುತ್ತದೆ. ನೀರಿನಲ್ಲಿರುವ ಲೋಹವನ್ನು ಹೀರಿ ಮೈಯಲ್ಲಿ ಇಟ್ಟುಕೊಳ್ಳುತ್ತದೆ. ನಾವು ಜೊಂಡನ್ನು ಕೊಯ್ದು, ಒಣಗಿಸಿ, ಬೂದಿಮನೆಯಲ್ಲಿ ಸುಟ್ಟು, ಬೂದಿಯನ್ನು ದಿಬ್ಬಕ್ಕೆ ಕೊಡುತ್ತೇವೆ. ಅದರಿಂದ ಅವರು ತಾಮ್ರ ತೆಗೆಯುತ್ತಾರೆ, ಸತು ತೆಗೆಯುತ್ತಾರೆ. ನೀವು ಎಸೆದದ್ದನ್ನು ನಿಮ್ಮ ವಂಶದವರಿಗೆ ಹೆಕ್ಕಿ ಕೊಡುವುದು ನಮ್ಮ ಕಸುಬು. ಅದಕ್ಕೆ ಬದಲಾಗಿ ರಾಗಿ ಬರುತ್ತದೆ, ಉಪ್ಪು ಬರುತ್ತದೆ. ಗಾಳಿ ಬರುವುದಿಲ್ಲ. ಮುರುಗೋಡನ್ನು ಕುದಿಸಿ ನೀರು ಬಸಿದು, ಮತ್ತೆ ಕುದಿಸಿ ಬಸಿದು, ಆಮೇಲೆ ಹುಣಸೆ ಹಿಂಡಿ ಸಾರು ಮಾಡುತ್ತೇವೆ. ಬಸಿದ ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣದ ಎಣ್ಣೆ ತೇಲುತ್ತದೆ. ನೋಡಲು ಚೆಂದ.

ಬೂದಿಮನೆಯ ಗೋಡೆ ಕಪ್ಪು. ಅದರ ಮೇಲೆ ಕೂರುವ ಪತಂಗಗಳೂ ಕಪ್ಪು. ದಿಬ್ಬದ ಶಾಲೆಯಲ್ಲಿ ಇದನ್ನು ಚಿತ್ರ ಹಾಕಿ ಪಾಠ ಮಾಡುತ್ತಾರಂತೆ: ಪತಂಗ ತನ್ನ ಪರಿಸರಕ್ಕೆ ತಕ್ಕಂತೆ ಬಣ್ಣ ಬದಲಿಸಿಕೊಂಡಿದೆ, ಪ್ರಕೃತಿ ಎಷ್ಟು ದೊಡ್ಡದು, ಎಷ್ಟು ಕರುಣೆಯುಳ್ಳದ್ದು. ಕರುಣೆಯಂತೆ. ನಾನು ಆ ಗೋಡೆಯ ಕೆಳಗೆ ಬೆಳೆದವಳು. ಒಂದು ಬಿಳಿ ಪತಂಗವೂ ಕಪ್ಪಾಗಲಿಲ್ಲ. ಪ್ರತಿ ಸಲ ಮರಿಯಾದಾಗಲೂ ಬಿಳಿಯವು ಬರುತ್ತವೆ, ಕಪ್ಪು ಗೋಡೆಯ ಮೇಲೆ ಎದ್ದು ಕಾಣುತ್ತವೆ, ಹಲ್ಲಿ ಬಂದು ನುಂಗುತ್ತದೆ. ಉಳಿದ ಕಪ್ಪು ಪತಂಗವನ್ನು ಹಿಡಿದು ದಿಬ್ಬದವರು ಹೊಂದಾಣಿಕೆ ಎಂದು ಹೆಸರಿಡುತ್ತಾರೆ. ಹಲ್ಲಿಯ ಹೊಟ್ಟೆಯೊಳಗೆ ಹೋದದ್ದನ್ನು ಯಾವ ಪಾಠದಲ್ಲಿ ಹೇಳುತ್ತಾರೆ?

ಈ ಪಾಠದ ಕೂಸೇ ನೆಲೆ ಕಾಯ್ದೆ. ಅದು ಹುಟ್ಟಿದಾಗ ಒಳ್ಳೆಯ ಕಾನೂನಾಗಿಯೇ ಹುಟ್ಟಿತು. ದಿಬ್ಬದವರು ಕಪ್ಪೆ, ಆಮೆ, ಹಕ್ಕಿಗಳನ್ನು ಹಿಡಿದು ಕಂಡಕಂಡಲ್ಲಿ ಬಿಟ್ಟು, ಅವು ರಾಶಿರಾಶಿ ಸತ್ತ ಮೇಲೆ, ಯಾವ ಜೀವಿಯನ್ನೂ ಅದು ಹೊಂದಿಕೊಂಡ ನೆಲೆಯಿಂದ ಕದಲಿಸಬಾರದು ಎಂದು ಬರೆದರು. ಕಪ್ಪೆಗೆಂದು ಬರೆದದ್ದನ್ನು ಆಮೇಲೆ ನಮ್ಮ ಕೇರಿಗೂ ತಂದರು. ತಗ್ಗಿನವರ ರಕ್ತ ತೆಗೆದು ನೋಡಿದರು. ಉಸಿರು ಸಾಲದ ಕಡೆ ತಲೆಮಾರುಗಟ್ಟಲೆ ಬದುಕಿದವರ ರಕ್ತ ಮಂದವಾಗಿರುತ್ತದೆ, ಇತ್ತು. ನೋಡಿ, ಇವರು ಹೊಂದಿಕೊಂಡಿದ್ದಾರೆ, ಇದೇ ಇವರ ಸಹಜ ನೆಲೆ, ಇವರನ್ನು ದಿಬ್ಬಕ್ಕೆ ತರುವುದು ಮೀನನ್ನು ದಡಕ್ಕೆ ಎಸೆದಂತೆ ಎಂದರು. ನಿಮ್ಮ ಕಾಲದಲ್ಲಿ ನಮ್ಮಂಥವರನ್ನು ಊರಾಚೆ ಇಡಲು ಹುಟ್ಟು ಎಂದಿರಿ, ಕರ್ಮ ಎಂದಿರಿ. ಈಗ ಪುರಾಣ ಬಿಟ್ಟಿದ್ದಾರೆ, ಸೂಜಿ ಹಿಡಿದಿದ್ದಾರೆ. ಊರಾಚೆ ಮಾತ್ರ ಇದ್ದಲ್ಲೇ ಇದೆ.

ರಕ್ತ ತೆಗೆಯಲು ಬಂದವರು ಆ ಮೀನಿನ ಮಾತನ್ನು ನಮ್ಮ ಕೇರಿಯಲ್ಲೂ ಆಡಿದ್ದರು. ಜೊಂಡು ಹೊರೆ ಇಳಿಸುತ್ತಿದ್ದ ಕೆಂಚಿ, ನನ್ನ ಓರಗೆಯವಳು, ಬಾಯಿ ಸುಮ್ಮನಿರದವಳು, "ನಮ್ ಮುರುಗೋಡು ದಡದ್ ಮ್ಯಾಲೂ ನಡೀತದೆ ಸಾಮಿ. ನೀವು ನೋಡಿರೋದು ತಟ್ಟೇಲಿರೋ ಮೀನ್ನ," ಎಂದಳು. ಅವರು ನಕ್ಕರು. ಅವರಿಗೆ ನಮ್ಮ ತಮಾಷೆ ಬಹಳ ಇಷ್ಟ.

ನಮ್ಮದೂ ಒಂದು ಪದ್ಧತಿಯಿದೆ, ಅದನ್ನು ಹೇಳಲೇಬೇಕು. ತಗ್ಗಿಗೂ ದಿಬ್ಬಕ್ಕೂ ನಡುವಿನ ಬಾಗಿಲಿಗೆ ದಿಡ್ಡಿ ಎನ್ನುತ್ತೇವೆ. ಬೂದಿ ಕೊಟ್ಟು ರಾಗಿ ತರುವುದು ಅಲ್ಲೇ. ಹಿಂದೆ ದಿಡ್ಡಿಯಲ್ಲಿ ನಮ್ಮವರು ಯಾರಾದರೂ ಕೆಮ್ಮಿದರೆ ದಿಬ್ಬದವರು ಮೂಗು ಮುಚ್ಚಿ ಹಾರಿ ನಿಲ್ಲುತ್ತಿದ್ದರು, ಕೆಮ್ಮಿದವರ ಮೇಲೆ ಸುಣ್ಣದ ನೀರು ಸುರಿಯುತ್ತಿದ್ದರು. ಆಗ ನಮ್ಮ ಹಿರಿಯರು ಒಂದು ಹಟ ಹಿಡಿದರು: ಸತ್ತರೂ ಅವರ ಮುಂದೆ ಕೆಮ್ಮಬಾರದು. ನಾಲಿಗೆಯನ್ನು ಅಂಗುಳಕ್ಕೆ ಒತ್ತಿ, ಉಗುಳು ನುಂಗಿ, ತೊಡೆ ಚಿವುಟಿಕೊಂಡು, ಎದೆಯಿಂದ ಎದ್ದ ಕೆಮ್ಮನ್ನು ಗಂಟಲಲ್ಲೇ ತಿರುಗಿಸಿ ಕಳಿಸುವುದು. ಇದಕ್ಕೆ ಕೆಮ್ಮು ನುಂಗುವುದು ಎನ್ನುತ್ತೇವೆ. ನಡೆಯಲು ಕಲಿತ ಮಗುವಿಗೆ ಇದನ್ನೂ ಕಲಿಸುತ್ತೇವೆ. ಮಗು ಮೊದಲ ಸಲ ದಿಡ್ಡಿಗೆ ಹೋಗಿ ಕೆಮ್ಮದೆ ವಾಪಸು ಬಂದರೆ ಕೇರಿಯ ಯಜಮಾನ ಕೊರಳಿಗೆ ಕರಿದಾರ ಕಟ್ಟುತ್ತಾನೆ. ಆ ದಿನ ಮನೆಯಲ್ಲಿ ಬೆಲ್ಲದ ಅನ್ನ. ದಾರ ಕಟ್ಟಿಸಿಕೊಂಡ ಮೇಲೆ ಆ ಮಗು ಕೇರಿಯ ಮಗು. ಮನೆಯೊಳಗೆ ಕರುಳು ಕಿತ್ತು ಬರುವಂತೆ ಕೆಮ್ಮುತ್ತೇವೆ, ದಿಡ್ಡಿಯಲ್ಲಿ ಕಲ್ಲಿನಂತೆ ನಿಲ್ಲುತ್ತೇವೆ. ನಮ್ಮ ಕೈಲಿದ್ದ ಮಾನ ಅದೊಂದೇ. ಅದನ್ನು ಯಾರೂ ಕೊಟ್ಟದ್ದಲ್ಲ, ನಾವೇ ಗಂಟಲಲ್ಲಿ ಮಾಡಿಕೊಂಡದ್ದು.

ಸಾಕಿಗೆ ದಾರ ಆಗಿರಲಿಲ್ಲ. ಅವಳ ಓರಗೆಯ ಮಕ್ಕಳಿಗೆಲ್ಲ ಆಗಿತ್ತು. ನಾಲ್ಕು ಹೆಜ್ಜೆ ಓಡಿದರೆ ಅವಳಿಗೆ ಕೆಮ್ಮು, ನಕ್ಕರೆ ಕೆಮ್ಮು, ಹಾಡಿದರೆ ಕೆಮ್ಮು. ಬೆರಳಿನ ತುದಿ ನೇರಳೆ ಬಣ್ಣ. ಮಕ್ಕಳು ಅವಳನ್ನು ಮೇಲಿನೋಳು ಎಂದು ರೇಗಿಸುತ್ತಿದ್ದರು. ನಮ್ಮ ಕೇರಿಯಲ್ಲಿ ಅದಕ್ಕಿಂತ ದೊಡ್ಡ ಬೈಗುಳವಿಲ್ಲ. "ಲೇ ಮೇಲಿನೋಳೆ, ನಿಮ್ಮಪ್ಪನ ಮನೆ ದಿಬ್ಬದ್ ಮ್ಯಾಲೈತಾ?" ಎಂದು ಕೂಗಿ ಜೊಂಡಿನೊಳಗೆ ಓಡಿಹೋಗುವರು, ಇವಳಿಗೆ ಹಿಂದೆ ಓಡಲಾಗದು ಎಂದು ಗೊತ್ತಿದ್ದೇ. ಅವಳ ಅಪ್ಪ ಬೂದಿಮನೆ ಕುಸಿದು ಸತ್ತವನು. ಅವಳು ಬಂದು ನನ್ನ ಸೆರಗಿಗೆ ಮೂಗು ಒರೆಸಿಕೊಂಡು, "ಅಜ್ಜಿ, ಕೆಮ್ಮು ಎಲ್ಲಿಂದ ಬತ್ತದೆ? ಅಲ್ಲಿಗೇ ಒಂದ್ ಬಿರಟೆ ಹಾಕಾಕಾಯ್ತದಾ?" ಎಂದು ಕೇಳುವಳು. ಬಿಳಿ ಪತಂಗ. ನೋಡಿದರೆ ಗೊತ್ತಾಗುತ್ತಿತ್ತು.

ಇಂಥ ಮಕ್ಕಳು ನಮ್ಮಲ್ಲಿ ಮನೆಗೊಬ್ಬರು ಹುಟ್ಟುತ್ತಾರೆ. ಜೊಂಡಿನ ಆಚೆ ಎತ್ತರದ ಮಣ್ಣಿನಲ್ಲಿ ಅವರನ್ನು ಹೂಳುತ್ತೇವೆ. ರಕ್ತ ತೆಗೆಯುವವರು ಬದುಕಿರುವವರ ರಕ್ತವನ್ನಷ್ಟೇ ತೆಗೆಯುತ್ತಾರೆ, ಆ ಮಣ್ಣಿನ ಕಡೆ ಹೋಗುವುದಿಲ್ಲ. ಅದಕ್ಕೇ ಅವರ ಕಣ್ಣಿಗೆ ನಾವು ಯಾವಾಗಲೂ ಹೊಂದಿಕೊಂಡವರೇ. ನಮ್ಮ ಸಂಘ ಹುಟ್ಟಿದ್ದು ಈ ಮಾತಿನ ಮೇಲೆ. "ರಕ್ತ ನೋಡಬೇಡಿ, ಎದೆ ಕೇಳಿ" ಎಂದು ಕೂಗುತ್ತಾ ವರ್ಷಗಟ್ಟಲೆ ದಿಡ್ಡಿಯ ಮುಂದೆ ಕುಳಿತೆವು. ಬೂದಿ ಕೊಡುವುದನ್ನು ನಿಲ್ಲಿಸಿದೆವು. ಹಸಿದೆವು. ಕೊನೆಗೆ ಅವರಿಗೆ ತಾಮ್ರದ ಕೊರತೆ ತಟ್ಟಿದಾಗ ಬಗ್ಗಿದರು. ಹೊಸ ಪರೀಕ್ಷೆ ಮಾಡುತ್ತೇವೆ ಎಂದರು. ಒಂದು ಬೆಳಿಗ್ಗೆ ಇಡೀ ಕೇರಿ ದಿಡ್ಡಿಯ ಬಯಲಲ್ಲಿ ನಿಲ್ಲಬೇಕು. ಅಲ್ಲಿ ಕಿವಿಗಂಬ ನೆಡುತ್ತಾರೆ. ಕಿವಿಗಂಬ ಎಂದರೆ ಕೆಮ್ಮಿನ ಸದ್ದನ್ನು ದೂರದಿಂದಲೇ ಕೇಳಿ ಎಣಿಸುವ ಯಂತ್ರದ ಕಂಬ. ಕೇರಿಯಲ್ಲಿ ಹೆಚ್ಚು ಜನ ಕೆಮ್ಮಿದರೆ ಕೇರಿಗೇ ನೆಲೆ ತಪ್ಪಿದೆ ಎಂದು ಒಪ್ಪಿ ಎಲ್ಲರನ್ನೂ ದಿಬ್ಬಕ್ಕೆ ತರುತ್ತಾರೆ. ಹಾಗಾಗದೆ ಒಂದು ಮಗು ಮಾತ್ರ ಕೆಮ್ಮಿದರೂ ಆ ಮಗುವನ್ನೂ ತಾಯಿಯನ್ನೂ ಅಂದೇ ಮೇಲಕ್ಕೆ ಕಳಿಸುತ್ತಾರೆ. ನಾವು ಗೆದ್ದೆವು ಎಂದುಕೊಂಡೆವು. ಚಿಕ್ಕತಾಯಿ ಅಂದೇ ಸಾಕಿಯ ಎರಡು ಲಂಗ ಒಗೆದು ಗಂಟು ಕಟ್ಟಿಟ್ಟಳು.

ಸಂಘದ ಸಭೆ ಬೂದಿಮನೆಯಲ್ಲಿ ಸೇರಿತು. ನಾನು ಹೇಳಿದ್ದು ಒಂದೇ ಮಾತು: ಪರೀಕ್ಷೆಯ ದಿನ ಯಾರೂ ನುಂಗಬಾರದು, ಬಂದಷ್ಟೂ ಕೆಮ್ಮಬೇಕು. ನಾನು ಏನೋ ಹೊಲಸು ಮಾತು ಆಡಿದೆನೇನೋ ಎಂಬಂತೆ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಯಜಮಾನ ಹುಚ್ಚಯ್ಯ ಎದ್ದು ನಿಂತ. ಮಕ್ಕಳಿಗೆ ದಾರ ಕಟ್ಟುವವನು ಅವನೇ. ಸಂಬಂಧದಲ್ಲಿ ನನಗೆ ದೊಡ್ಡಪ್ಪ.

"ಅಲ್ಲ ಕಣ್ ದೇವೀರಿ, ನಮ್ಮಪ್ಪ ಆ ದಿಡ್ಡೀಲಿ ಒಂದ್ಸಲ ಕೆಮ್ಮುದ್ದುಕ್ಕೆ ನೆತ್ತಿ ಮ್ಯಾಲೆ ಸುಣ್ಣದ್ ನೀರು ಸುರುದ್ರು. ಕಣ್ಣು ಬೆಂದೋಗಿ ಸಾಯೋಗಂಟ ಕೋಲು ಹಿಡ್ಕಂಡು ತಿರುಗ್ದ. ಈಗ ಎಲ್ಲಾರೂ ಸೇರ್ಕಂಡು ಅಲ್ಲೇ ಹೋಗಿ ಕೆಮ್ಮಾನ ಬನ್ನಿ ಅಂತೀಯಲ್ಲ, ನಾಚ್ಕೆ ಆಗಕಿಲ್ವಾ?"

"ಅವತ್ತು ಕೆಮ್ಮುದ್ರೆ ಓಡುಸ್ತಿದ್ರು ದೊಡ್ಡಪ್ಪ. ನಾಳೆ ಕೆಮ್ಮುದ್ರೆ ಒಳೀಕೆ ಸೇರುಸ್ಕಬೇಕು. ಅವರೇ ಬರ್ಕೊಟ್ಟವ್ರೆ."

"ಅವ್ರು ಬರ್ಕೊಟ್ಟದ್ದು ಇರ್ಲಿ. ಅವ್ರ ಮುಂದೆ ಬತ್ಲೆ ನಿಂತ್ಕಳದೂ ಒಂದೇ, ಕೆಮ್ಮೋದೂ ಒಂದೇ. ಮಾನ ಬುಟ್ಟು ಹತ್ತೋ ದಿಬ್ಬ ನಂಗೆ ಬ್ಯಾಡ."

ಕೆಂಚಿ ಮೂಲೆಯಿಂದ, "ಯಜಮಾನ್ರು ಮನೇಲಿ ಕೆಮ್ಮೋ ಸದ್ದುಗೆ ನಮ್ ಕೋಳಿ ಮೊಟ್ಟೆ ಇಕ್ಕೋದೇ ಬುಟ್ಬುಟ್ಟವೆ. ಆ ಸಂಗೀತಾನ ನಾಳೆ ಒಂದಿನ ದಿಬ್ಬದೋರ್ಗೂ ಕೇಳ್ಸುದ್ರೆ ಏನ್ ಕಳ್ಕತೀರಾ?" ಎಂದಳು. ಎಲ್ಲರೂ ನಕ್ಕರು. ನಕ್ಕವರಿಗೆಲ್ಲ ಕೆಮ್ಮು ಬಂತು, ಬೂದಿಮನೆ ತುಂಬ ಕೆಮ್ಮು. ಹುಚ್ಚಯ್ಯನೂ ಗೋಡೆ ಹಿಡಿದು ಕೆಮ್ಮಿದ. ಆಗ ನನಗೆ ಧೈರ್ಯ ಬಂದಿತ್ತು. ಇಷ್ಟು ಕೆಮ್ಮು ಇರುವ ಜನ ಹೇಗೆ ಸೋಲುತ್ತಾರೆ ಎಂದುಕೊಂಡೆ. ಕಡೆಗೆ ಹುಚ್ಚಯ್ಯ ಕಣ್ಣೊರೆಸಿಕೊಂಡು, "ಆಯ್ತು ಬುಡು, ನೋಡಾನ," ಎಂದ. ನಮ್ಮಲ್ಲಿ ನೋಡಾನ ಎಂದರೆ ಆಗಲಿ ಎಂದೂ ಅರ್ಥ, ಆಗುವುದಿಲ್ಲ ಎಂದೂ ಅರ್ಥ.

ಸಾಕಿಯನ್ನು ಕೂರಿಸಿಕೊಂಡು ಹೇಳಿದೆ. "ನಾಳೆ ದಿಡ್ಡೀಲಿ ಬಂದಷ್ಟೂ ಕೆಮ್ಮವ್ವ. ತಡೀಬ್ಯಾಡ."

"ಎಲ್ಲಾರ್ ಮುಂದೇನಾ?"

"ಎಲ್ಲಾರ್ ಮುಂದೆ. ಯಾರೂ ಬೈಯಕಿಲ್ಲ. ಕೆಮ್ಮುದ್ರೆ ನೀನೂ ನಿಮ್ಮವ್ವನೂ ಒಳ್ಳೆ ಗಾಳಿಗೆ ಹೋಗ್ತೀರ."

"ನೀನು?"

"ನಾನು ಹಿಂದುಗಡೆ ಬತ್ತೀನಿ."

ಅವಳು ತನ್ನ ಬರಿಯ ಕೊರಳನ್ನು ಮುಟ್ಟಿ ನೋಡಿಕೊಂಡಳು. "ಹಂಗಾರೆ ನಂಗೆ ದಾರ ಕಟ್ಟಕಿಲ್ವಾ?" ಎಂದಳು.

"ಅಲ್ಲಿ ದಾರ ಯಾಕವ್ವ ಬೇಕು, ಅಲ್ಲಿ ಯಾರೂ ಕಟ್ಕಳಕಿಲ್ಲ," ಎಂದೆ. ಅದು ಸರಿಯಾದ ಉತ್ತರ. ಆದರೆ ಮಗು ಕೇಳಿದ್ದು ಅಲ್ಲಿಯ ವಿಷಯವನ್ನಲ್ಲ.

ಪರೀಕ್ಷೆಯ ಬೆಳಿಗ್ಗೆ ಮಬ್ಬು ಮಂಡಿಯವರೆಗೆ ಇತ್ತು. ಕೇರಿಯವರೆಲ್ಲ ತಲೆಗೆ ಎಣ್ಣೆ ಹಚ್ಚಿ ಬಾಚಿ, ಒಗೆದ ಬಟ್ಟೆ ಉಟ್ಟು ಬಂದಿದ್ದರು. ಕಾಯಿಲೆ ತೋರಿಸಲು ಹೋಗುವವರು ಹೀಗೆ ಶೃಂಗಾರ ಮಾಡಿಕೊಳ್ಳುವುದಿಲ್ಲ. ದಿಡ್ಡಿ ತೆರೆಯಿತು. ಪರೀಕ್ಷಾಧಿಕಾರಿ ಸುಧನ್ವ ಎಂಬವನು ತನ್ನ ಜನರೊಂದಿಗೆ ಗಾಳಿಕೊಡೆಯ ಕೆಳಗೆ ನಡೆದು ಬಂದ. ಗಾಳಿಕೊಡೆ ಎಂದರೆ ಒಳ್ಳೆಯ ಗಾಳಿಯನ್ನು ಸುತ್ತಲೂ ಪರದೆಯಂತೆ ಇಳಿಬಿಡುವ ಕೊಡೆ. ನೆಲೆಯನ್ನು ಜೊತೆಯಲ್ಲೇ ಹೊತ್ತುಕೊಂಡು ತಿರುಗುವ ಜೀವಿ ಅವರೊಬ್ಬರೇ. ಅದಕ್ಕೆ ಯಾವ ಕಾಯ್ದೆಯೂ ಅಡ್ಡ ಬರುವುದಿಲ್ಲ.

ಕಿವಿಗಂಬಗಳನ್ನು ನೆಟ್ಟರು. ಆ ಕೊಡೆಯನ್ನು ಕಂಡದ್ದೇ ತಡ, ಕೇರಿಯ ಬೆನ್ನು ನೆಟ್ಟಗಾಯಿತು. ಒಬ್ಬೊಬ್ಬರ ನಾಲಿಗೆಯೂ ಅಂಗುಳಕ್ಕೆ ಹೋದದ್ದು ನನಗೆ ದವಡೆಯ ಮೇಲೆ ಕಾಣಿಸಿತು. ಕೈಗಳು ತೊಡೆಗೆ ಹೋದವು. ಕೆಂಚಿ ಕೂಡ. ನಗಿಸುವ ಆ ಕೆಂಚಿ ಕೂಡ ತುಟಿ ಬಿಗಿದು ಕಲ್ಲಾದಳು. ಬೇಕೆಂದು ಮಾಡಿದ್ದಲ್ಲ. ಕೆಸರಿನ ಹುಳ ಯಾರಿಗೋ ತೋರಿಸಲು ಕೆಂಪಾಗುವುದಿಲ್ಲ, ಇವರೂ ಯಾರಿಗೋ ತೋರಿಸಲು ತಡೆಯಲಿಲ್ಲ. ತಲೆಮಾರುಗಟ್ಟಲೆ ಸುಣ್ಣದ ನೀರಿಗೆ ಹೆದರಿ ಬದುಕಿದ ಗಂಟಲು ಕೊಡೆ ಕಂಡ ಕೂಡಲೇ ತಾನಾಗಿ ಮುಚ್ಚಿಕೊಂಡಿತು. ತಗ್ಗಿನವರು ನಿಜವಾಗಿ ಯಾವುದಕ್ಕಾದರೂ ಹೊಂದಿಕೊಂಡಿದ್ದರೆ ಅದು ಮಬ್ಬಿಗಲ್ಲ, ಆ ಕೊಡೆಗೆ.

ನಾನೊಬ್ಬಳೇ ಕೆಮ್ಮಿದೆ. ಚಳವಳಿಯಲ್ಲಿ ಕೂಗಿ ಕೂಗಿ ನನ್ನ ಗಂಟಲಿಗೆ ಆ ಕಟ್ಟು ಬಿಟ್ಟುಹೋಗಿತ್ತು. ಬಗ್ಗಿ, ಮಂಡಿ ಹಿಡಿದು, ಕೆಸರಿನ ಬಣ್ಣದ ಕಫ ಬೀಳುವವರೆಗೆ ಕೆಮ್ಮಿದೆ. ಸುಧನ್ವ ಕೊಡೆಯ ಕೆಳಗಿನಿಂದಲೇ ಪಕ್ಕದವನಿಗೆ, "ಈಯಮ್ಮ ಸಂಘದವರು. ಇವರದನ್ನು ಬಿಡಿ," ಎಂದ.

"ಯಾಕ್ ಬುಡ್ತೀರಿ? ನನ್ನೆದೆ ಎದೆ ಅಲ್ವಾ?" ಎಂದೆ.

"ಕೋಪ ಮಾಡ್ಕೋಬೇಡಿ ಅಮ್ಮ. ಉದ್ದೇಶ ಇಟ್ಟುಕೊಂಡು ಕೆಮ್ಮೋದನ್ನ ಸಹಜ ಅಂತ ಪರಿಗಣಿಸೋಕೆ ಬರಲ್ಲ," ಎಂದ. ಬಹಳ ಮರ್ಯಾದೆಯಿಂದ ಹೇಳಿದ.

ನಾನು ಸಾಕಿಯ ಕಡೆ ನೋಡಿದೆ. ಚಿಕ್ಕತಾಯಿ ಅವಳ ಬೆನ್ನು ತಟ್ಟುತ್ತಾ, "ಕೆಮ್ಮು ಕಂದ, ಕೆಮ್ಮು, ಏನೂ ಆಗಕಿಲ್ಲ," ಎನ್ನುತ್ತಿದ್ದಳು. ನಕ್ಕರೂ ಹಾಡಿದರೂ ಕೆಮ್ಮುವ ಮಗು ಅದು. ಸುತ್ತಲೂ ನೋಡಿತು. ಎಡಕ್ಕೆ ಅವಳ ಓರಗೆಯವರು, ಕೊರಳಲ್ಲಿ ದಾರ, ಕಲ್ಲಿನಂತೆ. ಬಲಕ್ಕೆ ದೊಡ್ಡವರು, ಕಲ್ಲಿನಂತೆ. ಮುಂದೆ ಹುಚ್ಚಯ್ಯ, ಮೀಸೆ ತಿರುವಿ, ಅಪ್ಪನಿಗಾಗಿ ನಿಂತಹಾಗೆ ನಿಂತಿದ್ದಾನೆ. ಇಡೀ ಕೇರಿ ಒಂದಾಗಿ ಒಂದು ಕೆಲಸ ಮಾಡುತ್ತಿತ್ತು. ಅವಳು ಕೇರಿಯ ಹೊರಗೆ ಉಳಿಯುವುದಕ್ಕೆ ಒಂದು ಕೆಮ್ಮು ಸಾಕಾಗಿತ್ತು. ನಾಲಿಗೆ ಒತ್ತಿದಳು. ಮುಖ ಕೆಂಪಾಯಿತು, ಆಮೇಲೆ ನೀಲಿಯಾಯಿತು, ಕಣ್ಣಲ್ಲಿ ನೀರು ಇಳಿಯಿತು, ಕೊರಳಿನ ನರ ಉಬ್ಬಿತು. ಎದೆ ಒಳಗೇ ಕುಪ್ಪಳಿಸುತ್ತಿತ್ತು. ತಾಯಿ ಬೆನ್ನು ಗುದ್ದಿದಳು, ಅತ್ತಳು, ಕಡೆಗೆ ಕೆನ್ನೆಗೆ ಹೊಡೆದಳು. ಮಗು ಬಾಯಿ ಬಿಡಲಿಲ್ಲ. ಬಿಸಿಲು ನೆತ್ತಿಗೆ ಬಂದಾಗ ಕಂಬ ಕಿತ್ತರು.

ಸುಧನ್ವ ಅಲ್ಲೇ ಓದಿದ. ಹುಳಿಗೆರೆಯ ನಿವಾಸಿಗಳಲ್ಲಿ ಶ್ವಾಸಕ್ಕೂ ಪರಿಸರಕ್ಕೂ ಸಂಪೂರ್ಣ ಹೊಂದಾಣಿಕೆ ಕಂಡುಬಂದಿದೆ, ಇವರನ್ನು ನೆಲೆಯಿಂದ ಕದಲಿಸುವುದು ಜೀವಹಿಂಸೆಯಾಗುತ್ತದೆ. ಹೋಗುವಾಗ ನನಗೆ, "ನಿಮ್ಮ ಜನ ಅದ್ಭುತ ಕಣಮ್ಮ. ನಮ್ಮ ಕೈಲಿ ಇಲ್ಲಿ ಅರ್ಧ ದಿನ ಇರೋಕಾಗಲ್ಲ," ಎಂದ. ಅವನ ಕಣ್ಣಲ್ಲಿ ನಿಜವಾದ ಮೆಚ್ಚುಗೆ ಇತ್ತು. ಬೈದಿದ್ದರೆ ಅವನನ್ನು ಕ್ಷಮಿಸುತ್ತಿದ್ದೆನೇನೋ.

ದಿಡ್ಡಿ ಮುಚ್ಚಿತು. ಮುಚ್ಚಿದ ಕೂಡಲೇ ಕೇರಿ ಒಂದೇ ಸಲ ಕೆಮ್ಮಿತು. ಬಯಲು ತುಂಬ ಜನ ಕುಕ್ಕರಿಸಿ, ಬಿದ್ದು, ಒಬ್ಬರನ್ನೊಬ್ಬರು ಹಿಡಿದುಕೊಂಡು ಕೆಮ್ಮಿದರು. ಆ ಸದ್ದು ಬಾಗಿಲಿನ ಆಚೆಗೂ ಕೇಳಿಸಿರಬೇಕು. ಯಾರೂ ಬಾಗಿಲು ತೆರೆಯಲಿಲ್ಲ. ಸಾಕಿ ತಾಯಿಯ ತೊಡೆಯ ಮೇಲೆ ಕೆಮ್ಮಿ ಕೆಮ್ಮಿ, ನಡುವೆ ಉಸಿರು ಸಿಕ್ಕಾಗ ನನ್ನ ಕಡೆ ತಿರುಗಿದಳು. "ಅಜ್ಜಿ, ನೋಡುದ್ಯಾ? ನಾನು ಒಂದ್ಸಲಾನೂ ಕೆಮ್ಮಲಿಲ್ಲ," ಎಂದಳು. ಅವಳ ಮುಖದಲ್ಲಿ ಅಂಥ ನಗುವನ್ನು ನಾನು ಅದುವರೆಗೆ ನೋಡಿರಲಿಲ್ಲ. ಹುಚ್ಚಯ್ಯ ಬಂದು, "ಭಲೇ ಗಟ್ಟಿಗಿತ್ತಿ," ಎಂದು ಅವಳ ಕೊರಳಿಗೆ ದಾರ ಕಟ್ಟಿದ. ಅವನನ್ನು ತಡೆಯಬೇಕೆಂದು ಎದ್ದೆ. ಆ ನಗು ನೋಡಿ ಕುಳಿತುಕೊಂಡೆ. ಅವಳಿಗೆ ಉಳಿದದ್ದು ಅದೊಂದೇ.

ಜೊಂಡಿನ ಹೂವು ಹತ್ತಿಯಂತೆ ಒಡೆದು ಹಾರುವ ಕಾಲಕ್ಕೆ ಸಾಕಿ ಹೋದಳು. ಅಟ್ಟದ ಮೇಲೆ, ನಮ್ಮ ಮನೆಯಲ್ಲಿ ಇರುವ ಅತಿ ಎತ್ತರದ ಜಾಗದಲ್ಲಿ. ಅದಕ್ಕಿಂತ ಎತ್ತರಕ್ಕೆ ಅವಳನ್ನು ಒಯ್ಯಲು ನಮಗೆ ಆಗಲಿಲ್ಲ. ಮಣ್ಣು ಮಾಡಿದ ಮಾರನೆಯ ದಿನ ಹುಚ್ಚಯ್ಯ ಒಬ್ಬನೇ ದಿಡ್ಡಿಗೆ ಹೋದ. ಬಾಗಿಲಿಗೆ ಹಣೆ ಇಟ್ಟು ಕೆಮ್ಮತೊಡಗಿದ. ಹುಟ್ಟಿದಾಗಿನಿಂದ ಆ ಜಾಗದಲ್ಲಿ ನುಂಗಿದ್ದನ್ನೆಲ್ಲ ಕಕ್ಕುವವನಂತೆ ಕೆಮ್ಮಿದ. ನಾವು ಹೋಗಿ ಎಳೆದರೂ ಬರಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಕಾವಲಿನ ಹುಡುಗಿ ಮೇಲಿನ ಕಿಂಡಿಯಿಂದ ಇಣುಕಿ, "ಪರೀಕ್ಷೆ ಮುಗೀತಲ್ಲಾ ತಾತ, ಈಗ್ಯಾಕೆ ಕೆಮ್ತಿದ್ದೀರಾ?" ಎಂದಳು. ಅವಳು ಕೆಟ್ಟವಳಲ್ಲ. ಅವಳಿಗೆ ನಿಜವಾಗಿಯೂ ತಿಳಿಯಲಿಲ್ಲ.

ಈಗ ಕೇರಿಯಲ್ಲಿ ಯಾರಿಗೂ ದಾರ ಕಟ್ಟುವುದಿಲ್ಲ. ಹುಚ್ಚಯ್ಯನೇ ನಿಲ್ಲಿಸಿದ. ಚಿಕ್ಕತಾಯಿ ಸಂಘಕ್ಕೆ ಬಂದಿದ್ದಾಳೆ, ಮಾತು ಕಡಿಮೆ, ಕಲ್ಲು ಒಡೆಯುವ ಸುತ್ತಿಗೆಯೊಂದನ್ನು ಎಲ್ಲಿಂದಲೋ ತಂದಿಟ್ಟುಕೊಂಡಿದ್ದಾಳೆ. ಇನ್ನೊಂದು ಪರೀಕ್ಷೆಗೆ ನಾವು ಅರ್ಜಿ ಹಾಕುವುದಿಲ್ಲ. ಮುಂದಿನ ಮಾತು ಬಾಗಿಲಿನ ಜೊತೆ.

ನಿಮ್ಮಲ್ಲಿ ನನ್ನದೊಂದು ಕೋರಿಕೆ ಇದೆ. ನೀವು ಇನ್ನೂ ಮೊದಲಿನ ಕಡೆ ಇದ್ದೀರಿ. ಹುಳಿಗೆರೆಗೆ ಇನ್ನೂ ಅದರ ಹಳೆಯ ಹೆಸರೇ ಇರಬಹುದು. ನಾಳೆ ಸ್ನಾನ ಮಾಡಿದ ಮೇಲೆ ಆ ಬಚ್ಚಲ ನೀರಿನ ಹಿಂದೆಯೇ ನಡೆದುಕೊಂಡು ಹೋಗಿ. ಮೋರಿ ಹಿಡಿದು, ಕಾಲುವೆ ಹಿಡಿದು, ಅದು ಎಲ್ಲಿ ನಿಲ್ಲುತ್ತದೋ ಅಲ್ಲಿಯವರೆಗೆ, ಮೂಗು ಮುಚ್ಚಿಕೊಳ್ಳದೆ. ಅಲ್ಲಿ ಯಾರೋ ಇದ್ದೇ ಇರುತ್ತಾರೆ. ನಿಮ್ಮನ್ನು ಕಂಡು ಎದ್ದು ನಿಲ್ಲುತ್ತಾರೆ, ಸೆರಗು ಸರಿಮಾಡಿಕೊಳ್ಳುತ್ತಾರೆ, ಚೆನ್ನಾಗಿದ್ದೀವಿ ಎನ್ನುತ್ತಾರೆ. ಅವರು ಕೆಮ್ಮಲಿಲ್ಲ ಎಂದು ವಾಪಸು ಬರಬೇಡಿ. ಅವರ ಮಕ್ಕಳನ್ನು ಎಲ್ಲಿ ಹೂತಿದ್ದಾರೆ ಎಂದು ಕೇಳಿ, ಅಲ್ಲಿಗೆ ಹೋಗಿ ನಿಂತು, ಆಮೇಲೆ ಹೇಳಿ ಅವರು ಹೊಂದಿಕೊಂಡಿದ್ದಾರೆ ಎಂದು.

ದೇವೀರಮ್ಮ
ಉಸಿರು ಸಂಘ, ಹುಳಿಗೆರೆ ತಗ್ಗು